ಯೆಜ್ಡಿ ರೋಡ್‌ಕಿಂಗ್ ಟ್ಯಾಂಕ್ ಒಳಗೆ ತುಕ್ಕು: ಆಸಿಡ್ಡಾ, ನಿಂಬೆ ಉಪ್ಪಾ, ಕರೆಂಟಾ?

ಹಳೇ_ಪಾನಾ
ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆ ಶೆಡ್ಡಲ್ಲಿ ನಿಂತಿದ್ದ ಯೆಜ್ಡಿ ರೋಡ್‌ಕಿಂಗ್ ಬೈಕಿನ ಕೆಲಸ ಹಿಡಿದಿದೀವಿ. ಇಂಜಿನ್ ಜಾಮ್ ಆಗಿಲ್ಲ, ಸ್ಪಾರ್ಕ್ ಇದೆ. ತಲೆನೋವೆಲ್ಲ ಟ್ಯಾಂಕಿಂದು. ಮುಚ್ಚಳ ತೆಗೆದು ಟಾರ್ಚ್ ಬಿಟ್ರೆ ಮೇಲ್ಭಾಗ ಪೂರ್ತಿ ಕೆಂಪು ತುಕ್ಕು, ತಳದಲ್ಲಿ ಕಪ್ಪು ಅಂಟು, ವಾರ್ನಿಷ್ ವಾಸನೆ. ಹೊರಗಿನ ಪೇಂಟ್ ಕಂಪನಿದೇ, ಅದನ್ನ ಉಳಿಸ್ಕೋಬೇಕು. ಟಾಯ್ಲೆಟ್ ತೊಳೆಯೋ ಆಸಿಡ್ ಹಾಕಿ ಅರ್ಧ ಗಂಟೆ ಅಲ್ಲಾಡಿಸಿ, ಪಳಪಳ ಅನ್ನತ್ತೆ ಅಂತ ಗ್ಯಾರೇಜಲ್ಲಿ ಹೇಳ್ತಾರೆ. ಮಾಡಬಹುದಾ?

ಎರಡು_ಸೈಲೆನ್ಸರ್
ಅದೊಂದು ಮಾತ್ರ ಬೇಡ.

ಹುಬ್ಬಳ್ಳಿ_ಸ್ಪ್ಯಾನರ್
ಯಾಕ್ ಬ್ಯಾಡ್ರೀ? ಇಷ್ಟ್ ವರ್ಷ ಎಲ್ಲಾ ಗ್ಯಾರೇಜಿನ್ಯಾಗೂ ಅದನ್ನ ಹಾಕ್ಯಾರ. ನೀರು ಕೂಡ್ಸಿ ತೆಳ್ಳಗ ಮಾಡಿ ಹತ್ತ ನಿಮಿಷ ಇಟ್ಟು ತೊಳದ್ರ ಮುಗೀತು. ಲಗೂನೂ ಆಗ್ತದ, ಖರ್ಚೂ ಇಲ್ಲ.

ಕೆಮಿಸ್ಟ್ರಿ_ಮೇಷ್ಟ್ರು
ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕು ಮುಗಿದ ಮೇಲೆ ಸುಮ್ಮನೆ ಕೂರಲ್ಲ, ತಗಡಿಗೂ ಬಾಯಿ ಹಾಕತ್ತೆ. ಟ್ಯಾಂಕಿನ ತಳದಲ್ಲಿ ನೀರು ನಿಂತ ಜಾಗದಲ್ಲಿ ತುಕ್ಕು ಮೊದಲೇ ಕುಳಿ ಮಾಡಿರತ್ತೆ. ಅಲ್ಲಿ ಉಳಿದಿರೋ ತೆಳು ಲೋಹಕ್ಕೆ ಹತ್ತು ನಿಮಿಷವೂ ಜಾಸ್ತಿಯೇ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಎರಡು ಅರ್ಧ ಸೇರಿಸಿ ಬೆಸೆದಿರೋ ಅಂಚಿನ ಮಡಿಕೆ ಇದೆಯಲ್ಲ, ಅದರೊಳಗೆ ಸೇರಿಕೊಂಡ ಕ್ಲೋರೈಡ್ ಎಷ್ಟು ತೊಳೆದರೂ ಪೂರ್ತಿ ಹೊರಗೆ ಬರಲ್ಲ. ಆರು ತಿಂಗಳಲ್ಲಿ ಅದೇ ಗೆರೆ ಹಿಡಿದು ಮತ್ತೆ ತುಕ್ಕು ಏಳತ್ತೆ. ಹೊಗೆ ಬೇರೆ. ಮುಚ್ಚಿದ ಶೆಡ್ಡಲ್ಲಿ ಬಾಟ್ಲಿ ತೆರೆದಿಟ್ಟು ಕೆಲಸ ಮಾಡಿದ್ರೆ ಗೋಡೆಗೆ ನೇತುಹಾಕಿದ ಪಾನಾಗಳೂ ಮಾರನೇ ದಿನಕ್ಕೆ ಕಂದು ಬಣ್ಣ.

ಯಾದವಗಿರಿ_250
ಪೇಂಟ್ ಉಳಿಸಬೇಕು ಅಂದ್ರೆ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, ಅದೇ ಸರಿ. ದಿನಸಿ ಅಂಗಡೀಲಿ ಸಣ್ಣ ಪೊಟ್ಟಣ ಸಿಗತ್ತೆ, ಆದ್ರೆ ಇದಕ್ಕೆ ಕೆಜಿ ಲೆಕ್ಕದಲ್ಲಿ ಬೇಕು, ಕೆಮಿಕಲ್ ಅಂಗಡಿಗೇ ಹೋಗಿ.

ಮೊದಲು ಹಳೇ ಪೆಟ್ರೋಲ್ ಬಸಿದು ಪೆಟ್ರೋಲ್ ಕಾಕ್, ಅಂದ್ರೆ ಟ್ಯಾಂಕ್ ತಳದ ನಲ್ಲಿ, ಬಿಚ್ಚಿ. ಆ ತೂತಿಗೆ ಸರಿಯಾದ ಬೋಲ್ಟು, ಫೈಬರ್ ವಾಷರ್ರು ಹಾಕಿ ಮುಚ್ಚಿ. ಸೈಕಲ್ ಟ್ಯೂಬ್ ತುಂಡು ಕತ್ತರಿಸಿ ವಾಷರ್ ಮಾಡಿದ್ರೂ ನಡೆಯತ್ತೆ. ಆಮೇಲೆ ನೀರು ತುಂಬಿಸಿ ಎಷ್ಟು ಲೀಟರ್ ಹಿಡಿಯತ್ತೆ ಅಂತ ಬಾಟ್ಲಿಲಿ ಅಳೆದುಕೊಳ್ಳಿ. ತೂತಿದ್ರೆ ಆಗಲೇ ಗೊತ್ತಾಗತ್ತೆ.

ಲೀಟರಿಗೆ 50 ಗ್ರಾಂ ಸಾಕು, ತುಕ್ಕು ದಪ್ಪ ಇದ್ರೆ 100. ಟ್ಯಾಂಕ್ 12 ಲೀಟರ್ ಹಿಡಿದ್ರೆ 600 ಗ್ರಾಂನಿಂದ 1.2 ಕೆಜಿ. ಬಕೆಟ್ಟಲ್ಲಿ ಬಿಸಿನೀರಿಗೆ ಕರಗಿಸಿ, ಕೈ ಇಟ್ರೆ ಸುಡೋ ಅಷ್ಟು ಬಿಸಿ ಇರಲಿ, ಕುದಿಯೋದು ಬೇಡ. ಕತ್ತಿನವರೆಗೂ ತುಂಬಿಸಿ. ಅರ್ಧ ತುಂಬಿಸಿದ್ರೆ ತುಕ್ಕು ಇರೋ ಮೇಲ್ಭಾಗಕ್ಕೆ ನೀರೇ ಮುಟ್ಟಲ್ಲ, ತುಂಬಾ ಜನ ಮಾಡೋ ಕೆಲಸ ಇದು. ಕತ್ತಿನ ಎರಡೂ ಪಕ್ಕ ಗಾಳಿ ಸಿಕ್ಕಿಕೊಂಡಿರತ್ತೆ, ಟ್ಯಾಂಕನ್ನ ಆ ಕಡೆ ಈ ಕಡೆ ವಾಲಿಸಿ ಗುಳ್ಳೆ ಬಿಡಿಸಿ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿ.

ಮಲ್ನಾಡ್_ಟೂಸ್ಟ್ರೋಕ್
ಒಂದು ಹಂತ ಬಿಟ್ರಿ. ತಳದಲ್ಲಿ ಕಪ್ಪು ಅಂಟು ಇದೆ ಅಂದಿದಾರಲ್ಲ, ಅದು ಒಣಗಿದ ಪೆಟ್ರೋಲು ಮತ್ತು ಟೂಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಜೊತೆ ಬೆರೆಸೋ 2ಟಿ ಆಯಿಲ್. ನಿಂಬೆ ಉಪ್ಪು ಅದನ್ನ ದಾಟಿ ಹೋಗಲ್ಲ. ಮೊದಲು ಜಿಡ್ಡು ತೆಗೀರಿ. ಅರ್ಧ ಲೀಟರ್ ಥಿನ್ನರ್ ಹಾಕಿ ಅಲ್ಲಾಡಿಸಿ ಬಸಿದು, ಆಮೇಲೆ ಬಟ್ಟೆ ಸೋಡಾ ಮತ್ತು ಪಾತ್ರೆ ತೊಳೆಯೋ ಲಿಕ್ವಿಡ್ ಬಿಸಿನೀರಿಗೆ ಹಾಕಿ ಎರಡು ಸಲ. ಒಳಗೆ ನೀರು ಮಣಿ ಮಣಿಯಾಗಿ ನಿಲ್ಲದೆ ಹರಡಿಕೊಂಡು ಹೋದ್ರೆ ಜಿಡ್ಡು ಹೋಯ್ತು ಅಂತ. ‘ಸಿಟ್ರಿಕ್ ಹಾಕಿದೆ, ಏನೂ ಆಗ್ಲಿಲ್ಲ’ ಅನ್ನೋರಲ್ಲಿ ಹತ್ತಕ್ಕೆ ಒಂಬತ್ತು ಜನ ಈ ಹಂತ ಹಾರಿರ್ತಾರೆ.

ಯಾದವಗಿರಿ_250
ಹೌದು, ಬಿಟ್ಟುಹೋಯ್ತು. ಜಿಡ್ಡೇ ಮೊದಲು.

ಕರಾವಳಿ_ಕಾರ್ಬೊರೇಟರ್
ಥಿನ್ನರಿಗೆ ಮೊದಲು ಪೇಂಟಿನ ವಿಷಯ ಹೇಳಿ ಮಾರಾಯ್ರೆ. ಕತ್ತಿನಿಂದ ಒಂದು ಹನಿ ಹೊರಗೆ ಇಳಿದ್ರೆ ಕಂಪನಿ ಪೇಂಟಿಗೆ ನಮಸ್ಕಾರ. ಕತ್ತಿನ ಸುತ್ತ ದಪ್ಪಗೆ ಗ್ರೀಸ್ ಹಚ್ಚಿ, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಾಕಬೇಕು. ಟೇಪ್ ಪೇಂಟಿಗೆ ಅಂಟಬಾರದು, ಪ್ಲಾಸ್ಟಿಕ್ಕಿಗೇ ಅಂಟಬೇಕು. ಪೇಂಟಿನ ಮೇಲಿನ ಹಳೇ ಗೆರೆ ಟೇಪ್ ಜೊತೆ ಎದ್ದು ಬರುವುದುಂಟು.

ಗುರು_ಮಂಡ್ಯ
ಇಷ್ಟೆಲ್ಲಾ ಯಾಕಣ್ಣ? ಒಂದ್ ಹಿಡಿ ನಟ್ಟು, ಒಂದ್ ಹಿಡಿ ಜಲ್ಲಿ ಹಾಕಿ ಕಂಬಳಿ ಸುತ್ತಿ ಕಾಂಕ್ರೀಟ್ ಮಿಕ್ಸರಿಗೆ ಕಟ್ಬಿಡಿ. ಅರ್ಧ ಗಂಟೆ.

ಎರಡು_ಸೈಲೆನ್ಸರ್
ಜಲ್ಲಿ ಬೇಡ ಗುರೂ. ಪುಡಿಯಾಗಿ ಅಂಟಿನ ಜೊತೆ ಸೇರಿ ಕೆಸರಾಗತ್ತೆ, ಆ ಕೆಸರು ಕಾರ್ಬೊರೇಟರಲ್ಲಿ ಪೆಟ್ರೋಲ್ ಹಾಯೋ ಸಣ್ಣ ತೂತು, ಅಂದ್ರೆ ಜೆಟ್‌ವರೆಗೂ ಬರತ್ತೆ. 6 ಎಂಎಂ ನಟ್ಟುಗಳು ಅಥವಾ ಹಳೇ ಸೈಕಲ್ ಚೈನ್ ಸಾಕು. ಚೈನ್ ಆದ್ರೆ ಒಂದು ತುದಿಗೆ ತಂತಿ ಕಟ್ಟಿ ಹೊರಗೆ ಬಿಡಿ, ಎಳೆದುಕೊಳ್ಳಬಹುದು. ನಟ್ಟಾದ್ರೆ ಎಣಿಸಿ ಹಾಕಿ, ಎಣಿಸಿ ತೆಗೀರಿ. ಈ ಟ್ಯಾಂಕಲ್ಲಿ ನಡುವೆ ಫ್ರೇಮ್ ಹಾಯೋ ಸುರಂಗ ಇದೆಯಲ್ಲ, ಅದರ ಪಕ್ಕ ಸಿಕ್ಕಿಕೊಂಡ್ರೆ ಹುಡುಕೋದೇ ಒಂದು ದಿನದ ಕೆಲಸ.

ದಪ್ಪ ಚಕ್ಕೆ ಎದ್ದಿದ್ರೆ ಮಾತ್ರ ಇದು ಬೇಕು. ಬರೀ ಪುಡಿ ತುಕ್ಕಿಗೆ ಬೇಡ.

ಹುಬ್ಬಳ್ಳಿ_ಸ್ಪ್ಯಾನರ್
ಮೇಷ್ಟ್ರ ಮಾತು ಒಪ್ಪಿದೆ ಅಂತ ಇಟ್ಕೋರಿ. ಆದ್ರ ನಿಂಬಿ ಉಪ್ಪೂ ಆಸಿಡ್ಡೇ ಅಲ್ಲೇನು? ಅದು ತಗಡು ತಿನ್ನಂಗಿಲ್ಲಾ?

ಕೆಮಿಸ್ಟ್ರಿ_ಮೇಷ್ಟ್ರು
ತಿನ್ನತ್ತೆ ಸರ್, ನಿಧಾನಕ್ಕೆ. ಸಣ್ಣ ಗುಳ್ಳೆ ಏಳ್ತಾನೇ ಇದ್ರೆ ಅದು ಹೈಡ್ರೋಜನ್, ತುಕ್ಕು ಬಿಟ್ಟು ಕಬ್ಬಿಣಕ್ಕೆ ಕೈ ಹಾಕಿದೆ ಅಂತ ಅರ್ಥ. ಅದಕ್ಕೇ 24 ಗಂಟೆ ದಾಟಿಸಬಾರದು. ಇನ್ನೂ ತುಕ್ಕು ಉಳಿದಿದ್ರೆ ಹಳೇ ನೀರು ಚೆಲ್ಲಿ ಹೊಸದು ಹಾಕಿ, ಹಳೆಯದನ್ನೇ ವಾರಗಟ್ಟಲೆ ಬಿಡಬೇಡಿ.

ಇದಕ್ಕಿಂತ ಒಳ್ಳೆ ದಾರಿ: ಲೀಟರ್ ನೀರಿಗೆ 100 ಗ್ರಾಂ ನಿಂಬೆ ಉಪ್ಪು, ಅದು ಕರಗಿದ ಮೇಲೆ 40 ಗ್ರಾಂ ಬಟ್ಟೆ ಸೋಡಾ, ಕೊನೆಗೆ ಒಂದು ಚಮಚ ಪಾತ್ರೆ ಲಿಕ್ವಿಡ್. ಸೋಡಾ ಸೇರಿದಾಗ ಹುಳಿ ಇಳಿಯತ್ತೆ, ಆದ್ರೆ ಸಿಟ್ರೇಟ್ ತುಕ್ಕಿನ ಕಬ್ಬಿಣವನ್ನ ಹಿಡಿದು ಕರಗಿಸ್ತಾನೇ ಇರತ್ತೆ. ತಗಡಿಗೆ ಹೊಡೆತ ತುಂಬಾ ಕಮ್ಮಿ. ಸೋಡಾ ಹಾಕುವಾಗ ಭಯಂಕರ ನೊರೆ ಬರತ್ತೆ, ಅದಕ್ಕೆ ದೊಡ್ಡ ಬಕೆಟ್ಟಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಬೆರೆಸಿ. ಟ್ಯಾಂಕ್ ಒಳಗೇ ಬೆರೆಸೋಕೆ ಹೋದ್ರೆ ಕತ್ತಿನಿಂದ ಉಕ್ಕಿ ಪೇಂಟ್ ಮೇಲೆ ಇಳಿಯತ್ತೆ. ಮತ್ತೆ, ಇಲ್ಲಿ ಬೇಕಿರೋದು ಬಟ್ಟೆ ಸೋಡಾ, ಅಡುಗೆ ಸೋಡಾ ಅಲ್ಲ. 40 ಗ್ರಾಂ ಲೆಕ್ಕ ಬಟ್ಟೆ ಸೋಡಾದ್ದು.

ಡೆಟ್ರಾಯಿಟ್_ಕನ್ನಡಿಗ
ಇಲ್ಲಿ ಹಾಟ್ ರಾಡ್ ಕಟ್ಟೋರು 1932ರ ಫೋರ್ಡ್ ಟ್ಯಾಂಕಿಗೂ ಹೆಚ್ಚುಕಮ್ಮಿ ಇದನ್ನೇ ಮಾಡ್ತಾರೆ. ಹಿಂದೆ ರೇಡಿಯೇಟರ್ ಅಂಗಡಿಗೆ ಕೊಟ್ಟು ಬಿಸಿ ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದಿಸ್ತಿದ್ರು, ಜಿಡ್ಡು ಪೇಂಟು ಎರಡೂ ಹೋಗ್ತಿತ್ತು. ಈಗ ಮನೆಯಲ್ಲೇ ಕರೆಂಟ್ ವಿಧಾನ ಜಾಸ್ತಿ. ಬಟ್ಟೆ ಸೋಡಾ ಲೀಟರಿಗೆ ಒಂದು ದೊಡ್ಡ ಚಮಚ, 12 ವೋಲ್ಟ್ ಬ್ಯಾಟರಿ ಚಾರ್ಜರ್, ಟ್ಯಾಂಕಿಗೆ ನೆಗೆಟಿವ್, ಒಳಗೆ ಇಳಿಬಿಟ್ಟ ಕಬ್ಬಿಣದ ಸರಳಿಗೆ ಪಾಸಿಟಿವ್. ಇದರ ದೊಡ್ಡ ಗುಣ ಅಂದ್ರೆ ತಗಡು ತಿನ್ನಲ್ಲ, ಎರಡು ದಿನ ಮರೆತುಬಿಟ್ರೂ ತೊಂದರೆ ಇಲ್ಲ.

ಗುರು_ಮಂಡ್ಯ
ಸರಳಿನ ಬದಲು ಸ್ಟೀಲ್ ಚಮಚ ಇಳಿಬಿಟ್ರೆ ಆಗಲ್ವಾ? ಕರಗಲ್ಲ, ಮತ್ತೆ ಮತ್ತೆ ಬಳಸಬಹುದು.

ಕೆಮಿಸ್ಟ್ರಿ_ಮೇಷ್ಟ್ರು
ಖಂಡಿತ ಬೇಡ! ಸ್ಟೇನ್‌ಲೆಸ್ ಸ್ಟೀಲಲ್ಲಿ ಕ್ರೋಮಿಯಂ ಇರತ್ತೆ. ಪಾಸಿಟಿವ್ ಕೊಟ್ರೆ ಅದು ಹೆಕ್ಸಾವಲೆಂಟ್ ಕ್ರೋಮಿಯಂ ಆಗಿ ನೀರಿಗೆ ಇಳಿಯತ್ತೆ, ಕ್ಯಾನ್ಸರ್ ತರೋ ವಿಷ. ನೀರು ಹಳದಿ ಆದ್ರೆ ಅದೇ ಗುರುತು. ಕಟ್ಟಡದ ಮಾಮೂಲಿ ಕಬ್ಬಿಣದ ಕಂಬಿ ತುಂಡು ಹಾಕಿ, ಕರಗಿದ್ರೆ ಕರಗಲಿ. ಜಿಂಕ್ ಲೇಪ ಇರೋ ಕಂಬಿಯೂ ಬೇಡ.

ಮಲ್ನಾಡ್_ಟೂಸ್ಟ್ರೋಕ್
ಕರೆಂಟ್ ವಿಧಾನದಲ್ಲಿ ನಾಲ್ಕು ಕಡೆ ಎಡವುತಾರೆ. ಸರಳು ತಗಡಿಗೆ ತಾಗಿ ಶಾರ್ಟ್ ಆಗತ್ತೆ, ಅದಕ್ಕೆ ರಂಧ್ರ ಮಾಡಿದ ಪಿವಿಸಿ ಪೈಪ್ ಒಳಗೆ ಕಂಬಿ ಇಡಿ. ಕಂಬಿ ಎದುರು ನೇರ ಕಾಣೋ ಜಾಗ ಮಾತ್ರ ಚೆನ್ನಾಗಿ ಕ್ಲೀನ್ ಆಗತ್ತೆ, ಸುರಂಗದ ಆಚೆ ಬದಿ ಹಾಗೇ ಉಳಿಯತ್ತೆ, ಕಂಬಿ ಬಗ್ಗಿಸಿ ಜಾಗ ಬದಲಿಸ್ತಿರಬೇಕು. ಈಗಿನ ಸ್ಮಾರ್ಟ್ ಚಾರ್ಜರ್ ಎದುರಿಗೆ ಬ್ಯಾಟರಿ ಕಾಣದಿದ್ರೆ ಆನ್ ಆಗಲ್ಲ, ಹಳೇ ಬ್ಯಾಟರಿ ಒಂದನ್ನ ಪ್ಯಾರಲಲ್ ಕೊಡಬೇಕು. ಕೊನೆಯದು ಪ್ರಾಣಕ್ಕೆ ಬರೋದು: ಬರೋ ಗುಳ್ಳೆ ಹೈಡ್ರೋಜನ್. ಬಯಲಲ್ಲಿ ಇಡಿ, ಕ್ಲಿಪ್ ಬಿಚ್ಚೋ ಮೊದಲು ಚಾರ್ಜರ್ ಸ್ವಿಚ್ ಗೋಡೆಯಲ್ಲೇ ಆಫ್ ಮಾಡಿ. ಟ್ಯಾಂಕ್ ಬಾಯಿ ಹತ್ತಿರ ಕ್ಲಿಪ್ ಕಿಡಿ ಹಾರಿದ್ರೆ ಸಾಕು.

ಹಳೇ_ಪಾನಾ
ಸೋಡಾ ಬೆರೆಸಿದ ನಿಂಬೆ ಉಪ್ಪೇ ಮಾಡ್ತೀವಿ. ಹೊರಗೆ ಚೆಲ್ಲಿದ ಮೇಲೆ ಏನು? ಒಣಗೋ ಅಷ್ಟರಲ್ಲೇ ಮತ್ತೆ ಕೆಂಪಾಗತ್ತೆ ಅಂತಾರೆ.

ಯಾದವಗಿರಿ_250
ಆಗೇ ಆಗತ್ತೆ, ಕೆಲವು ನಿಮಿಷ ಸಾಕು. ಇಲ್ಲಿ ಮಾತ್ರ ಅವಸರ ಮಾಡಬೇಕು, ಎಲ್ಲಾ ಸಾಮಾನು ಮೊದಲೇ ಜೋಡಿಸಿಟ್ಟುಕೊಳ್ಳಿ. ಚೆಲ್ಲಿದ ತಕ್ಷಣ ಪೈಪ್ ನೀರಲ್ಲಿ ಜೋರಾಗಿ ತೊಳೆದು, ಬಕೆಟ್ ನೀರಿಗೆ ನಾಲ್ಕೈದು ಚಮಚ ಅಡುಗೆ ಸೋಡಾ ಹಾಕಿ ತುಂಬಿಸಿ ಹತ್ತು ನಿಮಿಷ. ಉಳಿದ ಹುಳಿ ಸಾಯತ್ತೆ. ಬಸಿದು, ಹೇರ್ ಡ್ರೈಯರ್ ಅಥವಾ ಬ್ಲೋವರ್ ಕತ್ತಿಗೆ ಹಿಡಿದು, ಕಾಕ್ ತೂತು ತೆರೆದಿಟ್ಟು, ಗಾಳಿ ಹಾಯಿಸಿ ಒಣಗಿಸಿ. ತಗಡು ಬೆಚ್ಚಗಾಗಬೇಕು. ಒಣಗಿದ ತಕ್ಷಣ 2ಟಿ ಆಯಿಲ್ 100 ಎಂಎಲ್ ಹಾಕಿ ಎಲ್ಲಾ ಮೂಲೆಗೂ ತಿರುಗಿಸಿ.

ಗುರು_ಮಂಡ್ಯ
ನೀರು ಬೇಗ ಹೋಗ್ಲಿ ಅಂತ ಕೊನೇಲಿ ಸ್ಪಿರಿಟ್ ಹಾಕಿ ಅಲ್ಲಾಡಿಸಿ, ಆಮೇಲೆ ಹೇರ್ ಡ್ರೈಯರ್ ಹಿಡಿದ್ರೆ ಎರಡೇ ನಿಮಿಷ.

ಎರಡು_ಸೈಲೆನ್ಸರ್
ಹುಬ್ಬೂ ಎರಡೇ ನಿಮಿಷದಲ್ಲಿ ಹೋಗತ್ತೆ. ಸ್ಪಿರಿಟ್ ಆವಿ ಮತ್ತು ಕಾದ ಕಾಯಿಲ್ ಒಟ್ಟಿಗೆ ಯಾವತ್ತೂ ಬೇಡ. ಸ್ಪಿರಿಟ್ ಹಾಕಿದ್ರೆ ಬಿಸಿಲಲ್ಲಿ ತೆರೆದಿಡಿ, ಇಲ್ಲ ಕಂಪ್ರೆಸರ್ ತಣ್ಣನೆ ಗಾಳಿ. ಡ್ರೈಯರ್ ಹಿಡಿಯೋದಾದ್ರೆ ನೀರು ಮಾತ್ರ.

ಕರಾವಳಿ_ಕಾರ್ಬೊರೇಟರ್
ಚೆಲ್ಲಿದ ನೀರನ್ನು ಅಡಿಕೆ ಬುಡಕ್ಕೋ ಬಾವಿ ಕಟ್ಟೆ ಹತ್ತಿರಕ್ಕೋ ಹಾಕಬೇಡಿ. ಬಕೆಟ್ಟಿನಲ್ಲಿ ಹಿಡಿದು ಬಟ್ಟೆ ಸೋಡಾ ಹಾಕ್ತಾ ಹೋಗಿ, ನೊರೆ ನಿಂತ ಮೇಲೆ ನೀರು ಸೇರಿಸಿ ಚೆಲ್ಲಿ. ಮೊದಲು ಬಸಿದ ಥಿನ್ನರ್, ಹಳೇ ಪೆಟ್ರೋಲ್ ಬೇರೆ ಡಬ್ಬದಲ್ಲಿ ಇರಲಿ, ಅದು ಚರಂಡಿಗೆ ಅಲ್ಲ.

ಮಲ್ನಾಡ್_ಟೂಸ್ಟ್ರೋಕ್
ತುಕ್ಕು ತೆಗೆದ ಮೇಲೆ ಸೋರಿಕೆ ಇನ್ನೊಮ್ಮೆ ನೋಡಲೇಬೇಕು. ಸೂಜಿ ಮೊನೆ ತೂತುಗಳಿಗೆ ಅಷ್ಟು ದಿನ ತುಕ್ಕೇ ಬಿರಡೆಯಾಗಿರತ್ತೆ. ನೀರಿಗೆ ಸೋರದ್ದು ಪೆಟ್ರೋಲಿಗೆ ಸೋರತ್ತೆ. ಒಂದೆರಡು ಲೀಟರ್ ಡೀಸೆಲ್ ಹಾಕಿ ಒಣ ನ್ಯೂಸ್‌ಪೇಪರ್ ಮೇಲೆ ರಾತ್ರಿ ಇಡಿ. ಹಿಂದೆ ಸೀಮೆಎಣ್ಣೆ ಹಾಕ್ತಿದ್ರು, ಈಗ ಹುಡುಕಿಕೊಂಡು ಹೋಗೋ ಬದಲು ಡೀಸೆಲ್ ಸಾಕು. ಬೆಳಿಗ್ಗೆ ಪೇಪರಲ್ಲಿ ಕಲೆ ಇದ್ರೆ ಅಲ್ಲೇ ಮಾರ್ಕರಲ್ಲಿ ಗುರುತು ಹಾಕಿ.

ಹುಬ್ಬಳ್ಳಿ_ಸ್ಪ್ಯಾನರ್
ತೂತ್ ಇದ್ರ ವೆಲ್ಡಿಂಗ್ ಅಂಗಡಿಗೆ ಒಯ್ಯೂದು ಬ್ಯಾಡ್ರೀ, ಮದ್ಲ ಹೇಳ್ತೀನಿ. ತೊಳದ ಟ್ಯಾಂಕೂ ಸಿಡೀತದ. ಅಂಚಿನ ಮಡಿಕ್ಯಾಗ ಉಳದಿದ್ದ ಪೆಟ್ರೋಲು ಬಿಸಿ ತಾಗಿದ ಕೂಡ್ಲೇ ಆವಿ ಆಗ್ತದ. ಸಣ್ಣ ತೂತಿಗೆ ದೊಡ್ಡ ಸೋಲ್ಡರಿಂಗ್ ಕಬ್ಬಿಣ ಸಾಕು, ಬೆಂಕಿ ಹತ್ರ ಬರಂಗಿಲ್ಲ. ಉಜ್ಜಿ ಬೆಳ್ಳಗ ಮಾಡಿ, ಫ್ಲಕ್ಸ್ ಹಚ್ಚಿ, ಮದ್ಲ ತಗಡಿಗೆ ಸೀಸ ಹಿಡಿಸಿ, ಆಮ್ಯಾಲೆ ಮುಚ್ಚರಿ. ವೆಲ್ಡಿಂಗೇ ಬೇಕು ಅಂದ್ರ ತೂತಿನ ಬದಿ ಮ್ಯಾಲ ಮಾಡಿ, ಅದರ ಕೆಳಗ ಒಂದ್ ಬೆರಳಷ್ಟು ಬಿಟ್ಟು ಪೂರಾ ನೀರು ತುಂಬಿರಬೇಕು, ಮುಚ್ಚಳ ತೆರದಿರಬೇಕು.

ಕೆಮಿಸ್ಟ್ರಿ_ಮೇಷ್ಟ್ರು
ಇದನ್ನ ಎಲ್ಲರೂ ಓದಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಳ ತೆಗೆದಿಟ್ರೆ ತಾನಾಗೇ ಹೋಗಲ್ಲ. ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯ.

ಹಳೇ_ಪಾನಾ
ಒಳಗೆ ಎಪಾಕ್ಸಿ ಲೈನರ್, ಅಂದ್ರೆ ಗಟ್ಟಿಯಾಗೋ ಪ್ಲಾಸ್ಟಿಕ್ ಲೇಪ, ಹಚ್ಚಿಸಿಬಿಡೋಣವಾ? ಮತ್ತೆ ತುಕ್ಕಿನ ಯೋಚನೆಯೇ ಇರಲ್ಲ.

ಎರಡು_ಸೈಲೆನ್ಸರ್
ಸೋರದ ಟ್ಯಾಂಕಿಗೆ ಲೈನರ್ ಯಾಕೆ? ಜಿಡ್ಡು ಒಂದು ಕಡೆ ಉಳಿದಿದ್ರೂ ಅಲ್ಲಿಂದ ಎದ್ದು ಹಾಳೆ ಹಾಳೆಯಾಗಿ ಕಿತ್ತು ಬರತ್ತೆ. ಆ ಹಾಳೆ ಸೀದಾ ಕಾಕ್ ಜಾಲರಿಗೆ ಬಂದು ಅಂಟಿಕೊಳ್ಳತ್ತೆ. ಎಥನಾಲ್ ತಡೆಯದ ಹಳೇ ಲೈನರ್ ಆದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲಲ್ಲಿ ಮೆತ್ತಗಾಗಿ ಅಂಟಾಗತ್ತೆ. ಒಮ್ಮೆ ಹಚ್ಚಿದ್ದನ್ನ ತೆಗೆಯೋದು ತುಕ್ಕು ತೆಗೆಯೋದಕ್ಕಿಂತ ಕಷ್ಟ. ತೂತು ಹತ್ತಾರು ಕಡೆ ಇದ್ರೆ ಮಾತ್ರ ಅದು.

ಗುರು_ಮಂಡ್ಯ
ಇ20 ಅಂದ್ರಲ್ಲ, ಹಳೇ ಟೂಸ್ಟ್ರೋಕಿಗೆ ಅದೇ ಮಾರಿ. ಎಲ್ಲಾ ಬಂಕಲ್ಲೂ ಅದೇ. ಏನ್ ಮಾಡೋದು?

ಕೆಮಿಸ್ಟ್ರಿ_ಮೇಷ್ಟ್ರು
ಎರಡು ಬೇರೆ ಬೇರೆ ತೊಂದರೆ, ಜನ ಒಂದೇ ಅಂದ್ಕೋತಾರೆ.

ಒಂದು, ಎಥನಾಲ್ ಒಳಗೇ ಆಮ್ಲಜನಕ ಇರೋದ್ರಿಂದ ಹಳೇ ಜೆಟ್ಟಲ್ಲಿ ಮಿಶ್ರಣ ಲೀನ್ ಆಗತ್ತೆ, ಅಂದ್ರೆ ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ. ಮಾಮೂಲಿ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದ್ರೆ ಇ20ಗೆ ಸುಮಾರು 13.5. ಏಳೆಂಟು ಪರ್ಸೆಂಟ್ ವ್ಯತ್ಯಾಸ. ಟೂಸ್ಟ್ರೋಕಲ್ಲಿ ಲೀನ್ ಅಂದ್ರೆ ಪಿಸ್ಟನ್ ಬಿಸಿ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡಿ. ಬಿಳಿಚಿಕೊಂಡಿದ್ರೆ ಇನ್ನೊಂದು ಸೈಜ್.

ಎರಡನೇದೇ ನಿಜವಾದ ಅಪಾಯ, ಅದೂ ನಿಲ್ಲಿಸಿಡೋ ಗಾಡಿಗೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳತ್ತೆ. ನೀರು ಒಂದು ಮಟ್ಟ ದಾಟಿದ್ರೆ ನೀರು-ಎಥನಾಲ್ ಬೇರೆಯಾಗಿ ತಳಕ್ಕೆ ಕೂರತ್ತೆ. 2ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲ್ ಜೊತೆಗೇ ಉಳಿಯತ್ತೆ. ಕಾಕ್ ಎಳೆಯೋದು ತಳದಿಂದ. ಅಂದ್ರೆ ಇಂಜಿನ್‌ಗೆ ಮೊದಲು ಹೋಗೋದು ಆಯಿಲ್ ಇಲ್ಲದ ಪದರ. ಸಣ್ಣ ಗಾಜಿನ ಬಾಟ್ಲಿಗೆ ಕಾಕ್‌ನಿಂದ ಸ್ವಲ್ಪ ಬಿಟ್ಟು ಬೆಳಕಿಗೆ ಹಿಡಿಯಿರಿ, ಎರಡು ಪದರ ಕಂಡ್ರೆ ಪೂರ್ತಿ ಬಸಿದುಬಿಡಿ.

ಕರಾವಳಿ_ಕಾರ್ಬೊರೇಟರ್
ಅದಕ್ಕೇ ನಮ್ಮ ಕಡೆ ಮಳೆಗಾಲದಲ್ಲಿ ನಿಲ್ಲಿಸುವ ಗಾಡಿಗೆ ಟ್ಯಾಂಕ್ ತುಂಬಿಸಿ ಇಡುವುದು. ಗಾಳಿ ಇಲ್ಲದಿದ್ರೆ ತೇವ ಎಲ್ಲಿಂದ?

ಮಲ್ನಾಡ್_ಟೂಸ್ಟ್ರೋಕ್
ಒಪ್ಪಲ್ಲ. ಒಂದು ತಿಂಗಳಿಗೆ ಸರಿ. ಅದಕ್ಕಿಂತ ಜಾಸ್ತಿ ನಿಲ್ಲಿಸೋದಾದ್ರೆ ಪೂರ್ತಿ ಬಸಿದು, ಒಳಗೆ 2ಟಿ ಆಯಿಲ್ ಸವರಿ, ಕಾರ್ಬೊರೇಟರ್ ಬೌಲ್ ಖಾಲಿ ಮಾಡಿ ಇಡಬೇಕು. ತುಂಬಿಸಿದ ಇ20 ಆರು ತಿಂಗಳಾದ ಮೇಲೆ ಯಾವ ಕೆಲಸಕ್ಕೂ ಬರಲ್ಲ.

ಕರಾವಳಿ_ಕಾರ್ಬೊರೇಟರ್
ಜೂನ್‌ನಲ್ಲಿ ನಮ್ಮಲ್ಲಿ ಖಾಲಿ ಟ್ಯಾಂಕ್ ಇಟ್ಟು ನೋಡಿ, ಆಮೇಲೆ ಮಾತಾಡುವ.

ಡೆಟ್ರಾಯಿಟ್_ಕನ್ನಡಿಗ
ಈ ಜಗಳ ಇಲ್ಲೂ ಪ್ರತಿ ಚಳಿಗಾಲಕ್ಕೆ ಒಮ್ಮೆ ಆಗತ್ತೆ, ಮುಗಿದಿದ್ದು ಇಲ್ಲ.

ಹಳೇ_ಪಾನಾ
ಆಯಿಲ್ ಅಳತೆ ಎಷ್ಟು ಹಾಕೋದು? ಒಬ್ಬರು 20 ಎಂಎಲ್ ಅಂತಾರೆ, ಒಬ್ಬರು 50.

ಯಾದವಗಿರಿ_250
ಲೀಟರಿಗೆ 40 ಎಂಎಲ್, ಅಂದ್ರೆ 1:25. ಹೊಸ ಪಿಸ್ಟನ್, ರಿಂಗ್ ಹಾಕಿದ್ರೆ ರನ್ನಿಂಗ್ ಇನ್ ಮುಗಿಯೋವರೆಗೂ 50. 20 ಎಂಎಲ್ ಅನ್ನೋದು ಬೇರೆ ಗಾಡಿಗಳ ಲೆಕ್ಕ ಕೇಳಿಕೊಂಡು ಹೇಳೋದು. ಟ್ಯಾಂಕಿಗೆ ನೇರ ಸುರಿಯಬೇಡಿ, ಬಾಟ್ಲಿಲಿ ಪೆಟ್ರೋಲ್ ಜೊತೆ ಕಲಕಿ ಹಾಕಿ.

ಎರಡು_ಸೈಲೆನ್ಸರ್
ಹೊಗೆ ಬಗ್ಗೆ ಒಂದು ಮಾತು. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಕ್ರ್ಯಾಂಕ್ ಆಯಿಲ್ ಸೀಲ್, ಅಂದ್ರೆ ಇಂಜಿನ್ ಶಾಫ್ಟಿನ ಎರಡೂ ಕಡೆಯ ರಬ್ಬರ್ ಬಳೆ, ಗಟ್ಟಿಯಾಗಿರತ್ತೆ. ಕ್ಲಚ್ ಕಡೆ ಸೀಲ್ ಹೋದ್ರೆ ಗೇರ್ ಆಯಿಲ್ ಇಂಜಿನ್ ಎಳೆದುಕೊಂಡು ಬೆಳ್ಳಗೆ ದಪ್ಪ ಹೊಗೆ, ಗೇರ್‌ಬಾಕ್ಸಲ್ಲಿ ಮಟ್ಟ ಇಳಿಯತ್ತೆ. ಆಚೆ ಕಡೆ ಸೀಲ್ ಹೋದ್ರೆ ಗಾಳಿ ಎಳೆದು ಲೀನ್ ಆಗತ್ತೆ, ಐಡಲ್ ತಾನಾಗೇ ಏರತ್ತೆ. ಮಿಕ್ಸ್ ಜಾಸ್ತಿ ಆಯ್ತು ಅಂತ ಆಯಿಲ್ ಕಮ್ಮಿ ಮಾಡೋಕೆ ಹೋಗಬೇಡಿ, ಮೊದಲು ಗೇರ್ ಆಯಿಲ್ ಮಟ್ಟ ನೋಡಿ.

ಗುರು_ಮಂಡ್ಯ
ಗಾಡಿ ಯಾವ ವರ್ಷದ್ದಣ್ಣ? ಆರ್‌ಸಿ ಜೀವಂತ ಇದ್ಯಾ?

ಯಾದವಗಿರಿ_250
ರೋಡ್‌ಕಿಂಗ್ ಬಂದಿದ್ದು 1978ರಲ್ಲಿ, ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಕೊನೇ ಗಾಡಿ ಆದ್ರೂ 15 ವರ್ಷ ಎಂದೋ ದಾಟಿದೆ. ಐದೈದು ವರ್ಷಕ್ಕೆ ರಿನ್ಯೂ ಆಗಿರಬೇಕು. ಎಚ್‌ಎಸ್‌ಆರ್‌ಪಿ, ಅಂದ್ರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟೂ ಬೇಕು. ಪೇಂಟ್ ಕೆಲಸಕ್ಕೆ ದುಡ್ಡು ಹಾಕೋ ಮೊದಲು ಆರ್‌ಸಿ ಬುಕ್ಕಲ್ಲಿರೋ ಚಾಸಿಸ್ ನಂಬರ್ ಫ್ರೇಮ್ ಮೇಲಿನದಕ್ಕೆ ಹೊಂದತ್ತಾ ನೋಡಿ.

ಹಳೇ_ಪಾನಾ
ಹೊಂದತ್ತೆ, ಅದು ನೋಡಿಯೇ ಇಳಿದಿದ್ದು. ನಿಂಬೆ ಉಪ್ಪಿನ ಕೆಲಸ ಒಂದು ಸುತ್ತು ಆಯ್ತು, ಒಳಗೆ ಬೂದು ಬಣ್ಣ ಬಂದಿದೆ, ಡೀಸೆಲ್ ಸೋರಿಲ್ಲ. ಬಣ್ಣ ಬೂದು ಆಗಿರೋದು ಪರವಾಗಿಲ್ವಾ?

ಕೆಮಿಸ್ಟ್ರಿ_ಮೇಷ್ಟ್ರು
ಅದೇ ಸರಿಯಾದ ಬಣ್ಣ. ಹೊಳೆಯಬೇಕಿಲ್ಲ. ಬೆರಳಿಗೆ ಕಪ್ಪು ಮಸಿ ಬಂದ್ರೆ ಇನ್ನೊಮ್ಮೆ ತೊಳೀರಿ, ಅಷ್ಟೇ.

ಮಲ್ನಾಡ್_ಟೂಸ್ಟ್ರೋಕ್
ಕಾಕ್ ಹಾಕೋ ಮುಂಚೆ ಅದರ ಜಾಲರಿ, ಒಳಗಿನ ರಬ್ಬರ್ ಎರಡೂ ಹೊಸದು ಹಾಕಿ, ಪೆಟ್ರೋಲ್ ಪೈಪೂ ಎಥನಾಲ್ ತಡೆಯೋದು ತಗೊಳ್ಳಿ. ಮೊದಲ ಕೆಲವು ವಾರ ಪೈಪಲ್ಲಿ ಒಂದು ಪಾರದರ್ಶಕ ಫಿಲ್ಟರ್ ಇರಲಿ, ಉಳಿದ ಪುಡಿ ಕಣ್ಣಿಗೆ ಕಾಣತ್ತೆ. ಕಾರಿನ ದೊಡ್ಡ ಪೇಪರ್ ಫಿಲ್ಟರ್ ಬೇಡ, ಇಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೆ ಇಳಿಯಬೇಕು.

ಹರಿವು ಅಳೆಯೋದು ಸುಲಭ. ಪೈಪ್ ಬಾಟ್ಲಿಗೆ ಬಿಟ್ಟು ಒಂದು ನಿಮಿಷ. 16 ಎಚ್‌ಪಿ ಟೂಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಎಂಟೊಂಬತ್ತು ಲೀಟರ್ ಕುಡಿಯತ್ತೆ ಅಂತ ಹಿಡಿದ್ರೂ ನಿಮಿಷಕ್ಕೆ 150 ಎಂಎಲ್. ಬಾಟ್ಲಿಲಿ 300 ಬಂದ್ರೆ ನಿಶ್ಚಿಂತೆ.

ಹಳೇ_ಪಾನಾ
ಅಳೆದ್ವಿ. ಮೊದಲ ಅರ್ಧ ನಿಮಿಷ ಜೋರಾಗಿ ಬಂತು, ಆಮೇಲೆ ಸಣ್ಣಗಾಗಿ ಹನಿ ಹನಿ. ಫಿಲ್ಟರ್ ತೆಗೆದ್ರೂ ಅದೇ ಕಥೆ. ಕಾಕ್ ಹೊಸದು.

ಕರಾವಳಿ_ಕಾರ್ಬೊರೇಟರ್
ಮುಚ್ಚಳ ಹಾಕಿ ಅಳೆದದ್ದಾ, ತೆಗೆದಾ?

ಹಳೇ_ಪಾನಾ
ಹಾಕಿ. ಈಗ ತೆಗೆದು ನೋಡಿದ್ವಿ, 340 ಎಂಎಲ್ ಬಂತು.

ಕರಾವಳಿ_ಕಾರ್ಬೊರೇಟರ್
ಮುಚ್ಚಳದ ಗಾಳಿ ತೂತು ಕಟ್ಟಿದೆ. ಒಳಗಿನ ರಬ್ಬರ್ ವಾಷರ್ ಎತ್ತಿ, ಕೆಳಗಿನ ಸಣ್ಣ ರಂಧ್ರಕ್ಕೆ ತಾಮ್ರದ ವೈರಿನ ಒಂದು ಎಳೆ ಹಾಕಿ ಬಿಡಿಸಿ. ಹೊಸ ರಬ್ಬರ್ ಹಾಕುವಾಗ ಆ ರಂಧ್ರ ಮುಚ್ಚದ ಹಾಗೆ ನೋಡಿಕೊಳ್ಳಿ, ಅಂಗಡಿಯಲ್ಲಿ ಸಿಗುವ ಕೆಲವು ವಾಷರಿನಲ್ಲಿ ಗಾಳಿಗೆ ದಾರಿಯೇ ಇರುವುದಿಲ್ಲ.

ಗುರು_ಮಂಡ್ಯ
ಹತ್ತು ಕಿಲೋಮೀಟರ್ ಹೋಗಿ ನಿಂತು, ಮುಚ್ಚಳ ತೆಗೆದು ನೋಡಿದ ತಕ್ಷಣ ಸ್ಟಾರ್ಟ್ ಆಗೋ ಗಾಡಿಗಳೆಲ್ಲ ಇದೇ. ಸುಮ್ನೆ ಸ್ಪಾರ್ಕ್ ಕೊಡೋ ಕಾಯಿಲ್ ಬದಲಾಯಿಸಿಕೊಂಡು ಕೂತಿರ್ತಾರೆ.

ಹುಬ್ಬಳ್ಳಿ_ಸ್ಪ್ಯಾನರ್
ಸ್ಟಾರ್ಟ್ ಆದ ಮ್ಯಾಲೆ ಪ್ಲಗ್ಗಿನ ಫೋಟೋ ಹಾಕ್ರಿ. ಜೆಟ್ ಬಗ್ಗೆ ಆಮ್ಯಾಲೆ ಜಗಳ ಮಾಡೂಣು.